ರದ್ದಿಗೆ ಹೋದ ರಾಕ್ಷಸರು

ಮೊದಲೇ ಹೇಳಿಬಿಡ್ತೀನಿ, ನಾನು ಎಲ್‌ಕೆಜಿಯಿಂದ ಪಿಯುಸಿವರೆಗೂ ಇಂಗ್ಲಿಷ್ ಮೀಡಿಯಂ. ಕನ್ನಡ ಮನೆಯ ಭಾಷೆ, ಶಾಲೆಯಲ್ಲಿ ಬರೀ ಸೆಕೆಂಡ್ ಲ್ಯಾಂಗ್ವೇಜ್. ಹತ್ತನೇ ಕ್ಲಾಸಿನ ಪ್ರಬಂಧ ಬಿಟ್ಟರೆ ಇಷ್ಟು ಉದ್ದಕ್ಕೆ ಕನ್ನಡದಲ್ಲಿ ಬರೀತಿರೋದು ಇದೇ ಮೊದಲು. ಒತ್ತಕ್ಷರ ಎಲ್ಲಾದರೂ ಜಾರಿದ್ದರೆ ನನ್ನನ್ನೇ ಬೈರಿ, ಸಂಪಾದಕರನ್ನ ಬಿಟ್ಟುಬಿಡಿ.

ಇದು ಶುರುವಾಗಿದ್ದು ಹೋದ ಸೆಮಿಸ್ಟರ್‌ನ ಒಂದು ಶುಕ್ರವಾರ ರಾತ್ರಿ, ಹಾಸ್ಟೆಲ್‌ನ ಮೂರನೇ ಮಹಡಿಯಲ್ಲಿ. ನಾವು ಐದು ಜನ ಶುಕ್ರವಾರ ಊಟ ಆದಮೇಲೆ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡ್ತೀವಿ. ಗೊತ್ತಿಲ್ಲದವರಿಗೆ ಎರಡು ಮಾತು: ಇದು ಬೋರ್ಡ್ ಇಲ್ಲದ ಆಟ. ಒಬ್ಬರು ಡಂಜನ್ ಮಾಸ್ಟರ್, ಅವರು ಕಥೆ ಹೇಳ್ತಾರೆ. ಉಳಿದವರು ಕಥೆಯೊಳಗಿನ ಪಾತ್ರಗಳು. ‘ನಾನು ಬಾಗಿಲು ಒದೀತೀನಿ’ ಅಂತ ನೀವು ಹೇಳಿದರೆ, ಬಾಗಿಲು ಮುರಿಯಿತೋ ನಿಮ್ಮ ಕಾಲು ಮುರಿಯಿತೋ ಅನ್ನೋದನ್ನ ಇಪ್ಪತ್ತು ಮುಖದ ದಾಳ ತೀರ್ಮಾನ ಮಾಡುತ್ತೆ. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನ್‌ಸನ್ ಅನ್ನೋ ಇಬ್ಬರು ಮಾಡಿದ ಈ ಆಟ 1974ರಲ್ಲಿ ಹೊರಬಂತು. ರೂಲ್ಸ್ ಪುಸ್ತಕ ಇಂಗ್ಲಿಷಿನದು, ನಮ್ಮ ಆಟ ಮಾತ್ರ ಪೂರ್ತಿ ಕನ್ನಡದಲ್ಲಿ. ‘ಲೋ, ಆ ಗಾಬ್ಲಿನ್ ಹತ್ರ ಸ್ವಲ್ಪ ಮರ್ಯಾದೆಯಿಂದ ಮಾತಾಡು’ ಅನ್ನೋ ತರಹ.

ಆ ವಾರ ದೊಡ್ಡ ಫೈಟ್ ಇತ್ತು. ಅದರ ರಾಕ್ಷಸನನ್ನ ನಾನು ಮೂರು ಸಂಜೆ ಕೂತು ಬಿಡಿಸಿದ್ದೆ, ಲ್ಯಾಬ್ ರೆಕಾರ್ಡಿಗೆ ತಂದಿದ್ದ ಹಾಳೆಯಲ್ಲಿ. ಎಡಗೈ ಸರಿಯಾಗಿ ಬಂದಿರಲಿಲ್ಲ, ಆದರೂ ಪರವಾಗಿಲ್ಲ ಅನ್ನಿಸಿತ್ತು. ಫೈಲ್‌ನಿಂದ ತೆಗೀಬೇಕು ಅನ್ನೋಷ್ಟರಲ್ಲಿ ಒಬ್ಬ ಗೆಳೆಯ ಮೊಬೈಲ್ ತಿರುಗಿಸಿ ತೋರಿಸಿದ. ಡಂಜನ್ ಮಾಸ್ಟರ್ ಹೇಳಿದ ವರ್ಣನೆಯನ್ನೇ ಎಐಗೆ ಟೈಪ್ ಮಾಡಿದ್ದ. ಅರ್ಧ ನಿಮಿಷದಲ್ಲಿ ಬೆಂಕಿ, ಹೊಗೆ, ಹೊಳೆಯೋ ಕಣ್ಣು, ಮಳೆ ಎಲ್ಲ ಇರೋ ಚಿತ್ರ ರೆಡಿ. ಎಲ್ಲರೂ ‘ಗುರೂ, ಸೂಪರ್’ ಅಂದರು. ನಾನೂ ಅಂದೆ. ನನ್ನ ಹಾಳೆ ಫೈಲ್‌ನಲ್ಲೇ ಉಳೀತು.

ಅವನದೇನೂ ತಪ್ಪಿಲ್ಲ. ನಾನು ಚಿತ್ರ ತಂದಿದ್ದೀನಿ ಅಂತ ಯಾರಿಗೂ ಗೊತ್ತೇ ಇರಲಿಲ್ಲ. ಆದರೂ ಆ ರಾತ್ರಿ ನಿದ್ದೆ ಬರಲಿಲ್ಲ. ಕಾರಣ ಆ ಚಿತ್ರ ಅಲ್ಲ. ನಾಲ್ಕು ವರ್ಷದ ಹಿಂದೆ ರದ್ದಿಗೆ ಹಾಕಿದ್ದ ಒಂದು ನೋಟ್‌ಬುಕ್ ನೆನಪಾಯಿತು.

ನಾನು ಏಳನೇ ಕ್ಲಾಸಿನಲ್ಲಿದ್ದಾಗ ನಮ್ಮ ಶಾಲೆಯ ಲೈಬ್ರರಿಯಲ್ಲಿ ಒಂದು ಸಣ್ಣ ಪುಸ್ತಕ ಸಿಕ್ಕಿತ್ತು. ಮೂರು ಮಕ್ಕಳು ಒಂದು ಹಳೇ ಮನೆಗೆ ಬರ್ತಾರೆ, ಅಲ್ಲಿ ಅವರ ಮನೆತನದ ಹಿರಿಯರೊಬ್ಬರು ಬರೆದ ಕೈಪಿಡಿ ಸಿಗುತ್ತೆ. ಸುತ್ತಮುತ್ತ ಕಾಣದ ಹಾಗೆ ಬದುಕ್ತಿರೋ ಜೀವಿಗಳ ಕೈಪಿಡಿ. ಯಾವುದು ಎಲ್ಲಿರುತ್ತೆ, ಏನು ತಿನ್ನುತ್ತೆ, ಕಂಡರೆ ಏನು ಮಾಡಬೇಕು, ಎಲ್ಲ ಅದರಲ್ಲಿದೆ. ಆ ಕಥೆಗಿಂತ ಅದರೊಳಗಿದ್ದ ಪೆನ್ನಿನ ಚಿತ್ರಗಳು ನನ್ನ ತಲೆ ಕೆಡಿಸಿದವು. ಅದೇ ವಾರ ಇನ್ನೂರು ಪೇಜಿನ ಒಂದು ಲಾಂಗ್ ಬುಕ್ ತಗೊಂಡು ನನ್ನದೇ ಕೈಪಿಡಿ ಶುರು ಮಾಡಿದೆ. ಒಂದೊಂದು ಪೇಜಿಗೆ ಒಂದು ಜೀವಿ. ಬಾಣದ ಗುರುತು ಹಾಕಿ ‘ಇದು ವಿಷದ ಹಲ್ಲು’, ‘ಇದು ಕತ್ತಲಲ್ಲಿ ನೋಡೋ ಕಣ್ಣು’ ಅಂತ ಇಂಗ್ಲಿಷಿನಲ್ಲಿ ಬರೆದಿದ್ದೆ. ಪಕ್ಕದಲ್ಲಿ ಸೈಜ್ ಗೊತ್ತಾಗಲಿ ಅಂತ ಒಬ್ಬ ಮನುಷ್ಯ. ಆ ಮನುಷ್ಯ ಯಾವಾಗಲೂ ನಮ್ಮ ಪಿಟಿ ಮಾಸ್ಟರ್.

ಹತ್ತನೇ ಕ್ಲಾಸ್ ರಿಸಲ್ಟ್ ಬಂದಮೇಲೆ ಮನೆ ಕ್ಲೀನ್ ಮಾಡಿದ್ವಿ. ಪಿಯುಸಿ, ಸಿಇಟಿ ಅಂತ ಹೊಸ ಪುಸ್ತಕಗಳಿಗೆ ಜಾಗ ಬೇಕಿತ್ತು. ರದ್ದಿಯವನು ಬಂದಿದ್ದ. ಅಮ್ಮ ಆ ಲಾಂಗ್ ಬುಕ್ ಕೈಯಲ್ಲಿ ಹಿಡಿದು ‘ಇದು ಬೇಕೇನೋ?’ ಅಂತ ಕೇಳಿದರು. ನಾನೇ ‘ಬೇಡ, ಹಾಕು’ ಅಂದೆ. ಯಾರೂ ಒತ್ತಾಯ ಮಾಡಲಿಲ್ಲ. ಅಪ್ಪ ಬೈಯಲಿಲ್ಲ, ಸಿನಿಮಾದಲ್ಲಿ ಹರಿದು ಹಾಕೋ ಹಾಗೆ ಯಾರೂ ಹರಿದು ಹಾಕಲಿಲ್ಲ. ‘ನಾನಿನ್ನು ಸೀರಿಯಸ್ ಆಗಬೇಕು’ ಅಂತ ನನಗೆ ನಾನೇ ತೋರಿಸಿಕೊಳ್ಳಬೇಕಿತ್ತು ಅಷ್ಟೇ. ತಕ್ಕಡಿಯಲ್ಲಿ ಅದು ಹಳೇ ಗೈಡ್‌ಗಳ ಜೊತೆ ಕೂತಿತು. ಬೇರೆ ಯಾರಾದರೂ ಎಸೆದಿದ್ದರೆ ಅವರ ಮೇಲೆ ಕೋಪ ಮಾಡ್ಕೊಂಡು ಇರಬಹುದಿತ್ತು. ಆ ಅನುಕೂಲ ನನಗಿಲ್ಲ.

ನಿದ್ದೆ ಬರದ ಆ ರಾತ್ರಿ ಮೊಬೈಲ್‌ನಲ್ಲಿ ನಮ್ಮ ಆಟದ ಹಳೇ ಪುಸ್ತಕಗಳ ಚಿತ್ರ ನೋಡ್ತಾ ಇದ್ದೆ. 1994ರಲ್ಲಿ ಬಂದ ‘ಪ್ಲೇನ್‌ಸ್ಕೇಪ್’ ಅನ್ನೋ ಒಂದು ಸೆಟ್‌ನ ಚಿತ್ರಗಳು ಬಂದವು. ತೆಳ್ಳಗಿನ ಪೆನ್ಸಿಲ್ ಗೆರೆ, ಹಳೇ ಕಾಗದದ ಬಣ್ಣ, ನಗ್ತಾನೇ ಹೆದರಿಸೋ ಮುಖಗಳು. ಈ ಕೈಯನ್ನ ಎಲ್ಲೋ ನೋಡಿದ್ದೀನಲ್ಲ ಅನ್ನಿಸಿತು. ಚಿತ್ರಕಾರರ ಹೆಸರು ನೋಡಿದೆ: ಟೋನಿ ಡಿಟರ್ಲಿಜಿ. ಆ ಹೆಸರನ್ನ ಸರ್ಚ್ ಮಾಡಿದರೆ ಮೊದಲು ಬಂದದ್ದೇ ನನ್ನ ಏಳನೇ ಕ್ಲಾಸಿನ ಪುಸ್ತಕ, ‘ದಿ ಸ್ಪೈಡರ್‌ವಿಕ್ ಕ್ರಾನಿಕಲ್ಸ್’. ಎರಡೂ ಒಬ್ಬನೇ! ಹನ್ನೆರಡನೇ ವಯಸ್ಸಿನಲ್ಲಿ ನನ್ನನ್ನ ಹಿಡಿದಿದ್ದ ಕೈ ಹತ್ತೊಂಬತ್ತಕ್ಕೆ ಇನ್ನೊಂದು ಬಾಗಿಲಿಂದ ಬಂದು ಹಿಡೀತು.

ಅವತ್ತಿನಿಂದ ಈ ಮನುಷ್ಯನ ಬಗ್ಗೆ ಸಿಕ್ಕಿದ್ದೆಲ್ಲ ಓದಿದೆ. ಸಿಗ್ನಲ್ಸ್ ಅಂಡ್ ಸಿಸ್ಟಮ್ಸ್‌ಗೆ ಅಷ್ಟು ಓದಿದ್ದರೆ ಇಂಟರ್ನಲ್ಸ್ ಬೇರೆ ತರಹ ಇರುತ್ತಿತ್ತು.

ಡಿಟರ್ಲಿಜಿ ಹುಟ್ಟಿದ್ದು 1969ರಲ್ಲಿ, ಲಾಸ್ ಏಂಜಲೀಸ್‌ನಲ್ಲಿ. ಬೆಳೆದದ್ದು ಫ್ಲೋರಿಡಾದಲ್ಲಿ. ಹನ್ನೆರಡನೇ ವಯಸ್ಸಿನ ಬೇಸಿಗೆ ರಜೆಯಲ್ಲಿ ಒಂದು ಕಲ್ಪನೆಯ ಲೋಕ ಕಟ್ಟಿ, ಅಲ್ಲಿನ ವಿಚಿತ್ರ ಜೀವಿಗಳನ್ನ ಬಿಡಿಸಿ, ವಿವರ ಬರೆದು ತನ್ನದೇ ಒಂದು ಪುಸ್ತಕ ಮಾಡಿದ. ಅದಕ್ಕೆ ಇಟ್ಟ ಹೆಸರು ‘ಗೊಂಡ್ವಾನಾಲ್ಯಾಂಡ್’.

ಈ ಹೆಸರು ಓದಿ ನನಗೆ ನಗು ಬಂತು. ಒಂಬತ್ತನೇ ಕ್ಲಾಸಿನ ಜಿಯಾಗ್ರಫಿ ನೆನಪಿದೆಯಾ? ಇಂಡಿಯಾ, ಆಫ್ರಿಕಾ, ಆಸ್ಟ್ರೇಲಿಯಾ, ಅಂಟಾರ್ಕ್ಟಿಕಾ ಎಲ್ಲ ಒಂದಾಗಿದ್ದ ಭೂಖಂಡ. ಆ ಹೆಸರು ಬಂದದ್ದು ನಮ್ಮ ಮಧ್ಯ ಭಾರತದ ಗೊಂಡರ ನಾಡಿನಿಂದ. ಅಲ್ಲಿನ ಬಂಡೆಗಳಿಗೆ ಭೂವಿಜ್ಞಾನಿಗಳು ಇಟ್ಟ ಹೆಸರನ್ನ ಆಸ್ಟ್ರಿಯಾದ ಎಡ್ವರ್ಡ್ ಸ್ಯೂಸ್ ಇಡೀ ಭೂಖಂಡಕ್ಕೆ ಕೊಟ್ಟ. ಅದು ಸುತ್ತಿ ಸುತ್ತಿ ಫ್ಲೋರಿಡಾದ ಒಬ್ಬ ಹುಡುಗನ ರಾಕ್ಷಸರ ಪುಸ್ತಕದ ಮೇಲೆ ಹೋಗಿ ಕೂತಿದೆ. ಗೊಂಡರ ಹೆಸರು ಅಲ್ಲಿಗೆ ಹೋಗಿತ್ತು. ನನ್ನ ಕೈಪಿಡಿಯಲ್ಲಿ ಮಾತ್ರ ಡ್ರ್ಯಾಗನ್, ಗಾಬ್ಲಿನ್, ಟ್ರಾಲ್ ಬಿಟ್ಟು ನಮ್ಮ ಕಡೆಯದು ಒಂದೂ ಇರಲಿಲ್ಲ. ಈ ಮಾತಿಗೆ ಆಮೇಲೆ ಬರ್ತೀನಿ.

ಟೋನಿಗೆ ಮೊದಲಿಂದ ಆಸೆ ಇದ್ದದ್ದು ಮಕ್ಕಳ ಪುಸ್ತಕ ಮಾಡಬೇಕು ಅಂತ. ಕಲಾ ಕಾಲೇಜಿನಲ್ಲಿ ಗ್ರಾಫಿಕ್ ಡಿಸೈನ್ ಓದಿ 1992ರಲ್ಲಿ ಪಾಸಾದ. ಆಮೇಲೆ ಸಿಕ್ಕಿದ್ದು ಮಕ್ಕಳ ಪುಸ್ತಕ ಅಲ್ಲ, ಟಿಎಸ್‌ಆರ್ ಕಂಪನಿಯ ಫ್ರೀಲ್ಯಾನ್ಸ್ ಕೆಲಸ. ಟಿಎಸ್‌ಆರ್ ಅಂದರೆ ನಮ್ಮ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಮಾಡ್ತಿದ್ದ ಕಂಪನಿ. 1993ರಲ್ಲಿ ಬಂದ ‘ಮಾನ್‌ಸ್ಟ್ರಸ್ ಮ್ಯಾನ್ಯುವಲ್’ ಅನ್ನೋ ದಪ್ಪ ಪುಸ್ತಕದಲ್ಲಿ ಅವನು ಬಿಡಿಸಿದ ಎಷ್ಟೋ ಜೀವಿಗಳಿವೆ.

ಈ ಕೆಲಸ ಏನು ಅಂತ ಸ್ವಲ್ಪ ಯೋಚಿಸಿ, ಯಾಕಂದ್ರೆ ನನಗೆ ಇಲ್ಲೇ ಮಜಾ ಸಿಕ್ಕಿದ್ದು. ನಿಮ್ಮ ಮನಸ್ಸಿಗೆ ಬಂದ ಚಿತ್ರ ಬಿಡಿಸೋ ಹಾಗಿಲ್ಲ. ಜೀವಿಯ ವರ್ಣನೆ ಬೇರೆಯವರದು: ಇಷ್ಟು ಎತ್ತರ, ಇಷ್ಟು ಕೈ, ಇಂಥ ಕಡೆ ವಾಸ. ನೀವು ಅದಕ್ಕೆ ದೇಹ ಕೊಡಬೇಕು. ಆಟ ಆಡೋರು ಒಂದು ಸೆಕೆಂಡ್ ನೋಡಿ ‘ಇದು ಹಾರುತ್ತೆ’, ‘ಇದರ ಬಾಲ ಡೇಂಜರ್’, ‘ಇದರ ಹತ್ರ ಮಾತಾಡಬಹುದು’ ಅಂತ ತಿಳ್ಕೋಬೇಕು. ಡೆಡ್‌ಲೈನ್ ಇರುತ್ತೆ. ಪೇಜಿನಲ್ಲಿ ಸಿಗೋದು ಒಂದು ಮೂಲೆ. ಅಂದರೆ ಇದು ಫಸ್ಟ್ ಇಯರ್‌ನ ಇಂಜಿನಿಯರಿಂಗ್ ಡ್ರಾಯಿಂಗ್‌ಗೆ ತುಂಬಾ ಹತ್ತಿರ. ಅಲ್ಲೂ ಚಿತ್ರ ಚೆನ್ನಾಗಿದೆಯಾ ಅಂತ ಯಾರೂ ಕೇಳಲ್ಲ. ಅದನ್ನ ನೋಡಿ ಇನ್ನೊಬ್ಬ ಆ ಪಾರ್ಟ್ ಮಾಡಬಹುದಾ ಅಂತ ಕೇಳ್ತಾರೆ. ರಾಕ್ಷಸನ ಚಿತ್ರ ನೋಡಿ ಇನ್ನೊಬ್ಬ ಆಡಬೇಕು, ಅಷ್ಟೇ ವ್ಯತ್ಯಾಸ.

ಅವನ ಹೆಸರು ದೊಡ್ಡದಾಗಿದ್ದು ಪ್ಲೇನ್‌ಸ್ಕೇಪ್‌ನಿಂದ. ಅದನ್ನ ಬರೆದದ್ದು ಡೇವಿಡ್ ‘ಝೆಬ್’ ಕುಕ್. ಅದರ ಮಧ್ಯದಲ್ಲಿ ಸಿಗಿಲ್ ಅಂತ ಒಂದು ಊರು. ನಮ್ಮ ಮ್ಯಾಥ್ಸ್‌ನಲ್ಲಿ ಬರೋ ಟೋರಸ್ ಇದೆಯಲ್ಲ, ಮೆದುವಡೆ ಆಕಾರ, ಆ ವಡೆಯ ಒಳಗೋಡೆಯ ಮೇಲೆ ಊರು ಕಟ್ಟಿದ್ದಾರೆ. ತಲೆ ಎತ್ತಿದರೆ ಆಕಾಶ ಕಾಣಲ್ಲ, ಎದುರು ಬೀದಿಯ ಮನೆಗಳ ಸೂರು ಕಾಣುತ್ತೆ. ಊರಿನ ಯಾವ ಬಾಗಿಲು, ಯಾವ ಕಮಾನು ಬೇಕಾದರೂ ಬೇರೆ ಲೋಕಕ್ಕೆ ದಾರಿ ಆಗಬಹುದು, ಸರಿಯಾದ ಕೀ ನಿಮ್ಮ ಹತ್ರ ಇದ್ದರೆ. ಇಂಥ ಊರನ್ನ ಮಾತಿನಲ್ಲಿ ಹೇಳಿದರೆ ತಲೆ ತಿರುಗುತ್ತೆ. ಡಿಟರ್ಲಿಜಿ ಅಲ್ಲಿನ ಜನರನ್ನ ಬಿಡಿಸಿದ. ಹರಿದ ಕೋಟು, ಸೊಟ್ಟ ಮೂಗು, ಕೊಂಬಿನ ತುದಿಗೆ ಉಂಗುರ. ಜನ ನಂಬೋ ಹಾಗಿದ್ದರು, ಹಾಗಾಗಿ ಊರನ್ನೂ ನಂಬಬಹುದಿತ್ತು.

ಅದರಲ್ಲಿ ನನ್ನ ಫೇವರಿಟ್ ಮೋಡ್ರಾನ್‌ಗಳು. ಇವು ಶಿಸ್ತಿನ ಜೀವಿಗಳು. ಹಳೇ ಪುಸ್ತಕದಲ್ಲಿ ಗೋಳ, ಘನ ಅಂತ ಜಾಮಿಟ್ರಿ ಆಕಾರಕ್ಕೆ ಕೈಕಾಲು ಅಂಟಿಸಿದ ಹಾಗಿದ್ದವು, ತಮಾಷೆ ಅನ್ನಿಸುವಂತೆ. ಡಿಟರ್ಲಿಜಿ ಅದೇ ಆಕಾರಗಳಿಗೆ ಗಡಿಯಾರದ ಯಂತ್ರದ ಮೈ ಕೊಟ್ಟ. ಹಲ್ಲಿನ ಚಕ್ರ, ರಿವೆಟ್, ಒಂದು ಪಾಪದ ಕಣ್ಣು. ಇವುಗಳಲ್ಲಿ ದರ್ಜೆ ಇದೆ. ಪ್ರತಿ ಮೋಡ್ರಾನ್‌ಗೂ ತನ್ನ ನೇರ ಮೇಲಿನವನು ಮಾತ್ರ ಗೊತ್ತು, ಅದಕ್ಕೂ ಮೇಲೆ ಯಾರಾದರೂ ಇದ್ದಾರೆ ಅನ್ನೋದೇ ಅದರ ತಲೆಗೆ ಹೋಗಲ್ಲ. ನಮಗೆ ಸಿಆರ್ ಗೊತ್ತು, ಸಿಆರ್‌ಗೆ ಮೆಂಟರ್ ಗೊತ್ತು, ಮೆಂಟರ್‌ಗೆ ಎಚ್‌ಒಡಿ ಗೊತ್ತು. ಮುಂದೆ ನಾನು ಹೇಳಲ್ಲ. 289 ವರ್ಷಕ್ಕೊಮ್ಮೆ, ಅಂದರೆ 17ರ ವರ್ಗ, ಇವು ಸಾವಿರಾರು ಸಂಖ್ಯೆಯಲ್ಲಿ ಲೋಕಲೋಕಗಳ ಮೂಲಕ ಮೆರವಣಿಗೆ ಹೊರಡ್ತವೆ. ಕಾರಣ ಗೊತ್ತಿರಲ್ಲ, ಆದರೂ ಹೊರಡ್ತವೆ. ಅಟೆಂಡೆನ್ಸ್ ಶಾರ್ಟೇಜ್ ಲಿಸ್ಟ್ ಹಾಕಿದ ಮಾರನೇ ದಿನ ನಮ್ಮ ಬ್ಲಾಕ್ ಮುಂದೆ ನಿಂತು ನೋಡಿ, ಅರ್ಥ ಆಗುತ್ತೆ.

1997ರಲ್ಲಿ ಟಿಎಸ್‌ಆರ್ ಸಾಲದಲ್ಲಿ ಮುಳುಗಿ ವಿಝಾರ್ಡ್ಸ್ ಆಫ್ ದಿ ಕೋಸ್ಟ್ ಕಂಪನಿಗೆ ಮಾರಾಟ ಆಯಿತು. ಆ ಹೊತ್ತಿಗೆ ಡಿಟರ್ಲಿಜಿ ಮ್ಯಾಜಿಕ್: ದಿ ಗ್ಯಾದರಿಂಗ್ ಕಾರ್ಡ್‌ಗಳಿಗೂ ಚೇಂಜ್‌ಲಿಂಗ್ ಅನ್ನೋ ಇನ್ನೊಂದು ಆಟಕ್ಕೂ ಚಿತ್ರ ಮಾಡಿದ್ದ. ಮೊದಲ ಆಸೆ ಮಾತ್ರ ಹಾಗೇ ಇತ್ತು. ಅವನೇ ಬರೆದು ಚಿತ್ರಿಸಿದ ಮೊದಲ ಮಕ್ಕಳ ಪುಸ್ತಕ ‘ಜಿಮ್ಮಿ ಝ್ಯಾಂಗ್‌ವೌಸ್ ಔಟ್ ಆಫ್ ದಿಸ್ ವರ್ಲ್ಡ್ ಮೂನ್ ಪೈ ಅಡ್ವೆಂಚರ್’ ಹೊರಬಂದದ್ದು 2000ದಲ್ಲಿ. ಡಿಗ್ರಿ ಮುಗಿದದ್ದು 1992. ಮಧ್ಯೆ ಎಂಟು ವರ್ಷ. ಎರಡು ಬಿಇ ಮುಗಿಸೋ ಟೈಮು.

ಈ ಎಂಟು ವರ್ಷದ ಲೆಕ್ಕ ನನಗೆ ತುಂಬಾ ಹಿಡಿಸಿತು. ಯಾಕಂದ್ರೆ ನಾನು ಹದಿನೈದಕ್ಕೇ ‘ಆಗಲ್ಲ’ ಅಂತ ತೀರ್ಮಾನ ಮಾಡಿ ತಕ್ಕಡಿಗೆ ಹಾಕಿದ್ದೆ. ಪ್ರಯತ್ನ ಮಾಡಿ ಸೋತಿದ್ದಲ್ಲ. ಸೋಲೋಕೂ ಒಂದಿಷ್ಟು ವರ್ಷ ಬೇಕು, ಅಷ್ಟನ್ನೂ ನಾನು ಕೊಟ್ಟಿರಲಿಲ್ಲ.

2002ರಲ್ಲಿ ‘ದಿ ಸ್ಪೈಡರ್ ಅಂಡ್ ದಿ ಫ್ಲೈ’ ಬಂತು. ಮೇರಿ ಹೋವಿಟ್ ಅನ್ನೋರು ಹತ್ತೊಂಬತ್ತನೇ ಶತಮಾನದಲ್ಲಿ ಬರೆದ ಪದ್ಯಕ್ಕೆ ಹಳೇ ಮೂಕಿ ಸಿನಿಮಾ ತರಹದ ಕಪ್ಪು ಬಿಳುಪು ಚಿತ್ರಗಳು. ಮುಂದಿನ ವರ್ಷ ಅದಕ್ಕೆ ಕ್ಯಾಲ್ಡಿಕಾಟ್ ಆನರ್ ಸಿಕ್ಕಿತು. ಅಮೆರಿಕದಲ್ಲಿ ಮಕ್ಕಳ ಚಿತ್ರಪುಸ್ತಕಕ್ಕೆ ಅದು ಬಹಳ ದೊಡ್ಡ ಗೌರವ. ಆ ಜೇಡನನ್ನ ನೋಡಿದರೆ ಗೊತ್ತಾಗುತ್ತೆ, ಇದು ಹತ್ತು ವರ್ಷ ರಾಕ್ಷಸರನ್ನ ಬಿಡಿಸಿದ ಕೈ. ಸೂಟು ಬೂಟು ಹಾಕಿದ್ದಾನೆ, ಸಭ್ಯ, ಅದಕ್ಕೇ ಹೆದರಿಕೆ ಆಗುತ್ತೆ. ಆಟದ ಪುಸ್ತಕದಲ್ಲಿ ಕಲಿತದ್ದು ವೇಸ್ಟ್ ಆಗಿರಲಿಲ್ಲ.

ಆಮೇಲೆ ಸ್ಪೈಡರ್‌ವಿಕ್. ಇದರ ಜೊತೆ ಲೇಖಕಿ ಹಾಲಿ ಬ್ಲ್ಯಾಕ್ ಅವನಿಗೆ ಹೇಗೆ ಪರಿಚಯ ಆದರು ಗೊತ್ತಾ? ‘ಡಿ8’ ಅನ್ನೋ ಒಂದು ರೋಲ್‌ಪ್ಲೇಯಿಂಗ್ ಪತ್ರಿಕೆಗೆ ಅವನ ಸಂದರ್ಶನ ಮಾಡೋಕೆ ಬಂದಿದ್ದರು. ಡಿ8 ಅಂದರೆ ಎಂಟು ಮುಖದ ದಾಳ. ದೊಡ್ಡ ಪತ್ರಿಕೆ ಏನಲ್ಲ, ಆಟದ ಹುಚ್ಚಿರೋರು ಆಟದ ಹುಚ್ಚಿರೋರಿಗೆ ಮಾಡ್ತಿದ್ದದ್ದು. ನಮ್ಮ ಸಂಘದ ಈ ಪತ್ರಿಕೆಯನ್ನ ‘ಯಾರು ಓದ್ತಾರೆ ಇದನ್ನ’ ಅಂತ ಕೇಳೋರಿಗೆ ಈ ಉದಾಹರಣೆ ಇಟ್ಕೊಂಡಿರಿ. ಅಲ್ಲಿಂದ ಶುರುವಾದ ಗೆಳೆತನ 2003 ಮತ್ತು 2004ರಲ್ಲಿ ಐದು ಪುಸ್ತಕ ಆಯಿತು. 2008ರಲ್ಲಿ ಸಿನಿಮಾ ಬಂತು, ಅದರಲ್ಲಿ ಅವಳಿ ಹುಡುಗರ ಎರಡೂ ಪಾತ್ರ ಮಾಡಿದ್ದು ಫ್ರೆಡಿ ಹೈಮೋರ್.

ನನಗೆ ಮುಖ್ಯ ಅನ್ನಿಸೋದು 2005ರ ಪುಸ್ತಕ. ಕಥೆಯೊಳಗಿನ ಆ ಕೈಪಿಡಿಯನ್ನೇ ನಿಜವಾಗಿ ದೊಡ್ಡ ಸೈಜಿನಲ್ಲಿ ಮಾಡಿ ಹೊರತಂದರು. ಜೀವಿ, ವಿವರ, ಗುರುತು, ಎಲ್ಲ. ಅಂದರೆ ಹನ್ನೆರಡನೇ ವಯಸ್ಸಿನಲ್ಲಿ ಮಾಡಿದ ಗೊಂಡ್ವಾನಾಲ್ಯಾಂಡ್‌ನ ಕೆಲಸವನ್ನೇ ಅವನು ಮೂವತ್ತೈದು ದಾಟಿದಾಗ ಪೂರ್ತಿ ಮಾಡಿದ. ಆ ಹಳೇ ಪುಸ್ತಕ ಅವನ ಹತ್ರ ಉಳಿದಿತ್ತು. ಇದನ್ನ ಓದಿದಾಗ ನಾನು ಮೊಬೈಲ್ ಕೆಳಗಿಟ್ಟು ಸ್ವಲ್ಪ ಹೊತ್ತು ಫ್ಯಾನ್ ನೋಡ್ತಾ ಮಲಗಿದ್ದೆ.

ಉಳಿದದ್ದು ಬೇಗ ಹೇಳ್ತೀನಿ. 2010ರಲ್ಲಿ ‘ದಿ ಸರ್ಚ್ ಫಾರ್ ವಂಡ್‌ಲಾ’. ಅದರಲ್ಲಿ ನೆಲದ ಕೆಳಗೆ ಒಂದು ರೋಬಾಟ್ ಒಬ್ಬ ಹುಡುಗಿಯನ್ನ ಸಾಕುತ್ತೆ. ಪುಸ್ತಕದ ಕೆಲವು ಚಿತ್ರಗಳನ್ನ ವೆಬ್‌ಕ್ಯಾಮ್ ಮುಂದೆ ಹಿಡಿದರೆ ಸ್ಕ್ರೀನ್ ಮೇಲೆ ತ್ರೀಡಿ ಮ್ಯಾಪ್ ಏಳ್ತಿತ್ತು. ಆಗ್ಮೆಂಟೆಡ್ ರಿಯಾಲಿಟಿ, ಪೋಕೆಮಾನ್ ಗೋ ಬರೋಕೆ ಆರು ವರ್ಷ ಮೊದಲು. ಪ್ರಾಜೆಕ್ಟ್ ಐಡಿಯಾ ಹುಡುಕ್ತಿರೋರು ನೋಟ್ ಮಾಡ್ಕೊಳ್ಳಿ. 2024ರಲ್ಲಿ ಅದು ಆ್ಯಪಲ್ ಟಿವಿಯಲ್ಲಿ ಆ್ಯನಿಮೇಶನ್ ಸರಣಿ ಆಗಿ ಬಂತು. 2017ರಲ್ಲಿ ಅಮೆರಿಕದ ನಾರ್ಮನ್ ರಾಕ್‌ವೆಲ್ ಮ್ಯೂಸಿಯಂ ಅವನ ಚಿತ್ರಗಳ ಪ್ರದರ್ಶನ ಇಟ್ಟಿತು. ನಾವು ಚಿಪ್ಸ್ ಎಣ್ಣೆ ಕೈಯಲ್ಲಿ ತಿರುವಿ ಹಾಕೋ ತರಹದ ಪುಸ್ತಕದಿಂದ ಶುರುವಾದ ಕೈ ಮ್ಯೂಸಿಯಂ ಗೋಡೆವರೆಗೂ ಹೋಯಿತು.

ಇಲ್ಲಿ ನಿಲ್ಲಿಸಿ ‘ಆದ್ದರಿಂದ ಗೆಳೆಯರೇ, ನಿಮ್ಮ ಪ್ಯಾಶನ್ ಫಾಲೋ ಮಾಡಿ’ ಅಂತ ಮುಗಿಸಬಹುದು. ನಾನು ಹಾಗೆ ಹೇಳಲ್ಲ, ಯಾಕಂದ್ರೆ ಅದು ಪೂರ್ತಿ ನಿಜ ಅಲ್ಲ. ಆ ಕಾಲದ ಆಟದ ಪುಸ್ತಕಗಳ ಹಿಂದೆ ಎಷ್ಟೋ ಚಿತ್ರಕಾರರಿದ್ದರು. ಅವರೆಲ್ಲರಿಗೂ ಸಿನಿಮಾ ಆಗಲಿಲ್ಲ. ನಾವು ಗೆದ್ದವರ ಬಯೋಡೇಟಾ ಮಾತ್ರ ಓದ್ತೀವಿ. ಸ್ಟ್ಯಾಟಿಸ್ಟಿಕ್ಸ್ ಓದಿದವರಿಗೆ ಇದಕ್ಕೆ ಏನಂತಾರೆ ಅಂತ ಗೊತ್ತು. ನನ್ನ ಎಜುಕೇಶನ್ ಲೋನ್ ಕೂಡ ನನ್ನ ಪ್ಯಾಶನ್ ಏನು ಅಂತ ಕೇಳಲ್ಲ.

ಅಪ್ಪನಿಗೆ ಫೋನ್ ಮಾಡಿ ಈ ಕಥೆಯೆಲ್ಲ ಹೇಳಿದೆ. ಹೆದರ್ತಾನೇ ಹೇಳಿದೆ. ಅಪ್ಪ ಎಲ್ಲ ಕೇಳಿ, ‘ಸರಿ, ಈಗ ನೀನೇನು ಇಂಜಿನಿಯರಿಂಗ್ ಬಿಡ್ತೀಯಾ?’ ಅಂದರು. ‘ಇಲ್ಲಪ್ಪ.’ ‘ಮತ್ತೇನು?’ ಆ ‘ಮತ್ತೇನು’ಗೆ ನನ್ನ ಹತ್ರ ಉತ್ತರ ಇರಲಿಲ್ಲ. ‘ಸುಮ್ನೆ ಹೇಳ್ದೆ’ ಅಂದೆ. ಅಪ್ಪ ಒಂದು ಕ್ಷಣ ಸುಮ್ಮನಿದ್ದು, ‘ಆ ನಿನ್ನ ದೆವ್ವದ ಪುಸ್ತಕ ಎಲ್ಲೋಯ್ತು? ನಂಗದ್ರಲ್ಲಿ ಆ ಮೂರು ಕಣ್ಣಿಂದು ಇಷ್ಟ ಇತ್ತು’ ಅಂದರು. ನಾನು ತೋರಿಸಿದ್ದೇ ಇಲ್ಲ. ಯಾವಾಗ ನೋಡಿದ್ದರೋ! ರದ್ದಿಗೆ ಹೋಯಿತು ಅಂತ ಹೇಳೋಕೆ ಬಾಯಿ ಬರಲಿಲ್ಲ. ‘ಮನೇಲಿ ಎಲ್ಲೋ ಇರಬೇಕು’ ಅಂದೆ. ಈ ಲೇಖನ ಅಪ್ಪ ಓದಿದರೆ ಗೊತ್ತಾಗುತ್ತೆ. ಸಾರಿ ಅಪ್ಪ.

ಮಾರನೇ ವಾರ ಸ್ಟೇಶನರಿ ಅಂಗಡಿಯಿಂದ ಇನ್ನೂರು ಪೇಜಿನ ಲಾಂಗ್ ಬುಕ್ ತಂದೆ. ಗೆರೆ ಇಲ್ಲದ್ದು. ಎರಡು ದಿನ ಖಾಲಿ ಇಟ್ಟೆ, ಮೊದಲ ಪೇಜಿಗೆ ಡ್ರ್ಯಾಗನ್ ಬಿಡಿಸೋಕೆ ಮನಸ್ಸು ಬರಲಿಲ್ಲ. ಆಮೇಲೆ ಸಾಗರದ ಹತ್ತಿರದ ಹಳ್ಳಿಯಲ್ಲಿರೋ ಅಜ್ಜಿಗೆ ಫೋನ್ ಮಾಡಿ, ‘ಅಜ್ಜಿ, ಕೊಳ್ಳಿದೆವ್ವ ಹೆಂಗಿರುತ್ತೆ?’ ಅಂತ ಕೇಳಿದೆ. ಅಜ್ಜಿಗೆ ನಾನು ಊಟ ಮಾಡಿದ್ನಾ ಅನ್ನೋದು ಮೊದಲು ಬೇಕಿತ್ತು. ಅದು ಮುಗಿದ ಮೇಲೆ ಹೇಳೋಕೆ ಶುರು ಮಾಡಿದರು, ನಾನು ರನ್ನಿಂಗ್ ನೋಟ್ಸ್ ತಗೊಂಡೆ. ಗದ್ದೆ ಬದುವಿನ ಮೇಲೆ ಓಡಾಡುತ್ತೆ. ಕೈಯಲ್ಲಿ ಉರಿಯೋ ಕೊಳ್ಳಿ. ದೂರದಲ್ಲಿ ಹೊತ್ತಿಕೊಳ್ಳುತ್ತೆ, ಆರುತ್ತೆ, ಇನ್ನೊಂದು ಕಡೆ ಹೊತ್ತಿಕೊಳ್ಳುತ್ತೆ. ಪಾದ ಹಿಂದುಮುಂದು. ಹೆಸರು ಹಿಡಿದು ಕರೆದರೆ ಓ ಅನ್ನಬಾರದು. ‘ನೀವು ನೋಡಿದ್ದೀರಾ?’ ಅಂದೆ. ‘ನಾನು ಯಾಕೆ ನೋಡಲಿ? ನೋಡಬಾರದು ಅಂತಲೇ ಹೇಳ್ತಿರೋದು’ ಅಂದರು. ಇಷ್ಟು ಪಕ್ಕಾ ಡೇಟಾಶೀಟ್ ನನಗೆ ಯಾವ ಲ್ಯಾಬ್‌ನಲ್ಲೂ ಸಿಕ್ಕಿಲ್ಲ.

ನಾಲ್ಕು ಸಂಜೆ ಆಯಿತು ಆ ಪೇಜಿಗೆ. ಪಾದವನ್ನ ಆರು ಸಲ ಅಳಿಸಿದೆ. ಹಿಂದುಮುಂದಾದ ಪಾದಕ್ಕೆ ಮೊಣಕಾಲು ಯಾವ ಕಡೆ ಮಡಚಬೇಕು? ಇದು ಸಣ್ಣ ಪ್ರಶ್ನೆ ಅಂದ್ಕೋಬೇಡಿ. ರೂಮ್‌ಮೇಟ್ ಮೆಕ್ಯಾನಿಕಲ್, ಅವನು ಎದ್ದು ನಿಂತು ಹಿಂದಕ್ಕೆ ನಡೆದು ತೋರಿಸಿದ. ಪಕ್ಕದಲ್ಲಿ ಎತ್ತರ ಗೊತ್ತಾಗೋಕೆ ಒಬ್ಬ ಮನುಷ್ಯ ಬೇಕಿತ್ತು. ಅವನನ್ನೇ ಹಾಕಿದೆ.

ಶುಕ್ರವಾರ ಡಂಜನ್ ಮಾಸ್ಟರ್‌ಗೆ ಮೊದಲೇ ತೋರಿಸಿ, ಈ ಸಲ ಫೈಲ್‌ನಿಂದ ತೆಗೆದು ಎಲ್ಲರ ಮಧ್ಯೆ ಇಟ್ಟೆ. ಯಾರೂ ‘ಸೂಪರ್’ ಅನ್ನಲಿಲ್ಲ. ಒಬ್ಬ ‘ಎಡಗೈ ಯಾಕೋ ಉದ್ದ?’ ಅಂದ. ಅದು ಬರೀ ಮಿಸ್ಟೇಕ್. ಆಮೇಲೆ ಮೊಬೈಲ್ ತೋರಿಸಿದ್ದ ಅದೇ ಗೆಳೆಯ ಹಾಳೆಯನ್ನ ಹತ್ತಿರ ಎಳ್ಕೊಂಡು ಸುಮಾರು ಹೊತ್ತು ನೋಡಿದ. ಕಥೆಯಲ್ಲಿ ನಮ್ಮ ತಂಡ ಒಂದು ಗಂಟೆಯಿಂದ ಕೆಸರಿನಲ್ಲಿ ಮೂಡಿದ್ದ ಹೆಜ್ಜೆ ಗುರುತು ಹಿಡಿದು ಹೋಗ್ತಾ ಇತ್ತು. ಅವನು ಪಾದದ ಮೇಲೆ ಬೆರಳಿಟ್ಟು ಹೇಳಿದ: ‘ತಡೀರಿ. ಇದರ ಪಾದ ಉಲ್ಟಾ. ಹಂಗಾದ್ರೆ ನಾವು ಇಷ್ಟೊತ್ತು ಅದರ ಕಡೆ ಹೋಗ್ತಿಲ್ಲ, ಅದು ಬಂದ ದಾರೀಲಿ ಹೋಗ್ತಿದ್ದೀವಿ. ಅದು ಊರ ಕಡೆ ಹೋಗಿದೆ.’

ರೂಮಿನಲ್ಲಿ ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಡಂಜನ್ ಮಾಸ್ಟರ್ ನಗು ತಡ್ಕೊಂಡು ದಾಳ ಕೈಗೆತ್ತಿಕೊಂಡ.

ಅರ್ಧ ನಿಮಿಷದ ಚಿತ್ರ ನನ್ನ ಚಿತ್ರಕ್ಕಿಂತ ಚೆನ್ನಾಗಿತ್ತು, ಅದನ್ನ ಒಪ್ಕೋತೀನಿ. ಮುಂದಿನ ವರ್ಷ ಇನ್ನೂ ಚೆನ್ನಾಗಿರುತ್ತೆ. ಅದರ ಬಗ್ಗೆ ನನಗೆ ದೊಡ್ಡ ಥಿಯರಿ ಏನಿಲ್ಲ. ಆ ಪಾದಕ್ಕೆ ಮೊಣಕಾಲು ಯಾವ ಕಡೆ ಮಡಚುತ್ತೆ ಅಂತ ನಾನು ನಾಲ್ಕು ಸಂಜೆ ಯೋಚಿಸಿದ್ದೆ, ಅದಕ್ಕೇ ಅದು ಹಾಳೆಯಲ್ಲಿ ಎದ್ದು ಕಾಣ್ತಿತ್ತು ಅನ್ನೋದಷ್ಟೇ ಗೊತ್ತು. ಅಪ್ಪನ ‘ಮತ್ತೇನು’ಗೆ ಉತ್ತರ ಇನ್ನೂ ಸಿಕ್ಕಿಲ್ಲ. ಸದ್ಯಕ್ಕೆ ಸಿಗ್ನಲ್ಸ್ ಅಂಡ್ ಸಿಸ್ಟಮ್ಸ್ ಪಾಸ್ ಆಗಬೇಕು, ಮತ್ತೆ ವಾರಕ್ಕೆ ಒಂದು ಪೇಜ್. ಇದನ್ನ ಬರೆಯೋ ಹೊತ್ತಿಗೆ ಒಂಬತ್ತು ಪೇಜ್ ಆಗಿದೆ. ಮೂರು ಕಣ್ಣಿಂದು ನೆನಪಿನಿಂದ ಮತ್ತೆ ಬಿಡಿಸಿದ್ದೀನಿ, ಅಪ್ಪನಿಗೆ ಅಂತ. ಮೊದಲಿನಷ್ಟು ಚೆನ್ನಾಗಿ ಬಂದಿಲ್ಲ ಅನ್ನಿಸುತ್ತೆ, ಆದರೆ ಹೋಲಿಸಿ ನೋಡೋಕೆ ಮೊದಲಿನದು ಇಲ್ಲ.

ಕೊನೆಗೆ ಒಂದು ಕೋರಿಕೆ. ನಿಮ್ಮೂರಿನ ಕಡೆ ಯಾವ ದೆವ್ವ, ಯಾವ ಭೂತ ಇದೆ, ಅದು ಏನು ತಿನ್ನುತ್ತೆ, ಯಾವುದಕ್ಕೆ ಹೆದರುತ್ತೆ ಅಂತ ಮನೆಗೆ ಹೋದಾಗ ಕೇಳ್ಕೊಂಡು ಬಂದು ಹೇಳಿ. ಬಳ್ಳಾರಿ ಕಡೆಯದು, ಮಂಗಳೂರು ಕಡೆಯದು, ಮೈಸೂರು ಕಡೆಯದು ನನ್ನ ಹತ್ರ ಒಂದೂ ಇಲ್ಲ. ಶುಕ್ರವಾರ ಒಂಬತ್ತಕ್ಕೆ ನಮ್ಮ ರೂಮಿಗೆ ಬನ್ನಿ. ಚಿತ್ರ ಬರಬೇಕು ಅಂತೇನಿಲ್ಲ, ದಾಳ ನಾವು ಕೊಡ್ತೀವಿ, ಚಿಪ್ಸ್ ಮಾತ್ರ ನೀವು ತರಬೇಕು. ಮತ್ತೆ ನಿಮ್ಮ ಮನೆಯ ಅಟ್ಟದ ಮೇಲೆ ಹಳೇ ನೋಟ್‌ಬುಕ್ ಏನಾದ್ರೂ ಇದ್ದರೆ, ರದ್ದಿಯವನು ಬರೋ ಮುಂಚೆ ಒಂದ್ಸಲ ತೆಗೆದು ನೋಡಿ.